ಮಗಳಿಗೆ ರೆಟಿನೋಬ್ಲಾಸ್ಟೋಮಾ: ವಂಶವಾಹಿಯ ಬದಲಾವಣೆ ಎಂದರೆ ವಂಶದಿಂದ ಬಂದದ್ದು ಎಂದೇ ಅರ್ಥವೇ?

ಪ್ರಶ್ನೆ: ಹರಿಹರದ ತಂದೆ

ಎಲ್ಲರಿಗೂ ನಮಸ್ಕಾರ. ವೈದ್ಯರು ಹೇಳಿದ್ದು ಪೂರ್ತಿ ಅರ್ಥವಾಗಿಲ್ಲ, ಮನೆಯಲ್ಲಿ ಆಡುತ್ತಿರುವ ಮಾತುಗಳನ್ನು ಕೇಳಿಸಿಕೊಂಡು ಸುಮ್ಮನಿರಲೂ ಆಗುತ್ತಿಲ್ಲ. ತಿಳಿದವರು ಯಾರಾದರೂ ಉತ್ತರಿಸಬಹುದೆಂದು ಇಲ್ಲಿ ಬರೆಯುತ್ತಿದ್ದೇನೆ.

ನನ್ನ ಮಗಳಿಗೆ ಎರಡು ವರ್ಷ ನಾಲ್ಕು ತಿಂಗಳು. ಯುಗಾದಿಯ ಹಿಂದಿನ ರಾತ್ರಿ ಕರೆಂಟು ಹೋಗಿತ್ತು. ಮೊಬೈಲಿನ ಟಾರ್ಚ್ ಬೆಳಕಿನಲ್ಲಿ ಅವಳಿಗೆ ಉಣಿಸುತ್ತಿದ್ದಾಗ ಎಡಗಣ್ಣಿನ ಪಾಪೆ ಬೆಕ್ಕಿನ ಕಣ್ಣಿನಂತೆ ಬೆಳ್ಳಗೆ ಹೊಳೆದದ್ದನ್ನು ನನ್ನ ಹೆಂಡತಿ ನೋಡಿದಳು. ಆ ಕಣ್ಣು ಸ್ವಲ್ಪ ಮೆಳ್ಳೆಯಾಗಿರುವುದನ್ನು ಅದಕ್ಕೂ ನಾಲ್ಕೈದು ತಿಂಗಳ ಮೊದಲೇ ಗಮನಿಸಿದ್ದೆವು. ಆಗ ತೋರಿಸಿದ ವೈದ್ಯರೊಬ್ಬರು ಬೆಳೆಯುತ್ತ ಸರಿಹೋಗುತ್ತದೆ ಎಂದು ಹೇಳಿ ಕಳುಹಿಸಿದ್ದರು. ಬೆಂಗಳೂರಿಗೆ ಕರೆದೊಯ್ದ ಮೇಲೆ ಅದು ರೆಟಿನೋಬ್ಲಾಸ್ಟೋಮಾ, ಅಂದರೆ ಅಕ್ಷಿಪಟಲದ ಕ್ಯಾನ್ಸರ್ ಎಂದು ತಿಳಿಯಿತು. ಗಡ್ಡೆ ಕಣ್ಣಿನ ಬಹುಪಾಲನ್ನು ತುಂಬಿಕೊಂಡಿದ್ದರಿಂದ ಆ ಕಣ್ಣನ್ನು ತೆಗೆಯಬೇಕಾಯಿತು. ಬಲಗಣ್ಣಿನಲ್ಲಿ ಏನೂ ಇಲ್ಲ. ಮಗು ಆಟವಾಡಿಕೊಂಡಿದೆ, ಕೃತಕ ಕಣ್ಣಿಗೆ ಅಳತೆ ಕೊಟ್ಟು ಬಂದಿದ್ದೇವೆ.

ಆರ್‌ಬಿ1 ಎಂಬ ವಂಶವಾಹಿಯಲ್ಲಿ ಆಗುವ ಬದಲಾವಣೆಯಿಂದ ಈ ಕಾಯಿಲೆ ಬರುತ್ತದೆ, ಜೆನೆಟಿಕ್ ಪರೀಕ್ಷೆ ಮಾಡಿಸಿ ಎಂದು ವೈದ್ಯರು ಹೇಳಿದ್ದಾರೆ. 'ವಂಶವಾಹಿ' ಎಂಬ ಪದ ಕಿವಿಗೆ ಬಿದ್ದದ್ದೇ ತಡ, ಮನೆಯಲ್ಲಿ ನ್ಯಾಯ ಪಂಚಾಯಿತಿ ಶುರುವಾಯಿತು. ನನ್ನ ಹೆಂಡತಿ ನನ್ನ ಅಕ್ಕನ ಮಗಳು. ರಕ್ತಸಂಬಂಧದಲ್ಲಿ ಮದುವೆ ಮಾಡಿದ್ದರ ಫಲ ಇದು ಎಂದು ಕೆಲವರು, ಗ್ರಹಣದ ದಿನ ಬಸುರಿ ಹೊರಗೆ ಬಂದಿದ್ದಳು ಎಂದು ಇನ್ನು ಕೆಲವರು. ಅಕ್ಕ ತಾನೇ ಹಟ ಹಿಡಿದು ಈ ಮದುವೆ ಮಾಡಿಸಿದೆನಲ್ಲ ಎಂದು ಕೊರಗಿ, ನನ್ನ ಮುಖ ನೋಡಿ ಮಾತನಾಡುವುದನ್ನೇ ಬಿಟ್ಟಿದ್ದಾಳೆ. ನಮ್ಮ ಎರಡೂ ಕಡೆ ತಿಳಿದಮಟ್ಟಿಗೆ ಯಾರಿಗೂ ಇಂಥ ಕಾಯಿಲೆ ಬಂದಿಲ್ಲ.

ನನಗೆ ತಿಳಿಯಬೇಕಾದದ್ದು ಇಷ್ಟು. ಯಾರಿಗೂ ಇಲ್ಲದ್ದು ಮಗುವಿನ ವಂಶವಾಹಿಗೆ ಎಲ್ಲಿಂದ ಬಂತು? ಒಂದೇ ಕಣ್ಣಿಗೆ ಬಂದು ಇನ್ನೊಂದಕ್ಕೆ ಏಕೆ ಬರಲಿಲ್ಲ? ಆರು ವರ್ಷದ ಮಗನಿದ್ದಾನೆ, ಹೆಂಡತಿ ಈಗ ಮೂರೂವರೆ ತಿಂಗಳ ಗರ್ಭಿಣಿ. ಇವರಿಬ್ಬರಿಗೆ ಎಷ್ಟು ಅಪಾಯ? ಕಣ್ಣನ್ನೇ ತೆಗೆದಾದ ಮೇಲೂ ಈ ಪರೀಕ್ಷೆಯಿಂದ ಪ್ರಯೋಜನವಿದೆಯೇ?

ಉತ್ತರ 1: ಜೆನೆಟಿಕ್ ಕೌನ್ಸೆಲರ್, ಮೈಸೂರು

ನಿಮ್ಮ ಮಗಳು ಚೇತರಿಸಿಕೊಂಡಿರುವುದು ಸಂತೋಷದ ವಿಷಯ. ನಿಮ್ಮ ಗೊಂದಲಕ್ಕೆ ಅರ್ಧ ಕಾರಣ ನಮ್ಮ ಭಾಷೆಯಲ್ಲಿ ಆ ಪದ ರೂಪುಗೊಂಡ ರೀತಿ ಎಂಬುದು ನನ್ನ ಅನುಭವ. ಜೀನ್ ಎಂಬುದಕ್ಕೆ 'ವಂಶವಾಹಿ' ಎಂಬ ಚೆಂದದ ಹೆಸರು ಬಿದ್ದಿದೆ. ಆದರೆ ಆ ಹೆಸರೇ ಕೇಳುವವರ ತಲೆಯಲ್ಲಿ ವಂಶವನ್ನು ತಂದು ಕೂರಿಸುತ್ತದೆ. ಎಲ್ಲ ಕ್ಯಾನ್ಸರುಗಳೂ ಜೀವಕೋಶದೊಳಗಿನ ವಂಶವಾಹಿಗಳು ಕೆಡುವುದರಿಂದಲೇ ಬರುತ್ತವೆ. ಅವುಗಳಲ್ಲಿ ತಂದೆತಾಯಿಯಿಂದ ಇಳಿದು ಬರುವಂಥವು ಸ್ವಲ್ಪವೇ. ಉಳಿದವು ಮಗು ಬೆಳೆಯುವಾಗ ಯಾವುದೋ ಒಂದು ಜೀವಕೋಶದಲ್ಲಿ, ಅದು ಎರಡಾಗಿ ಒಡೆಯುವ ಹೊತ್ತಿನಲ್ಲಿ ಆದ ನಕಲು ದೋಷಗಳು. ಪ್ರತಿ ಸಲ ಕೋಶ ವಿಭಜನೆಯಾದಾಗಲೂ ಸುಮಾರು 300 ಕೋಟಿ ಅಕ್ಷರಗಳ ಡಿಎನ್‌ಎ ಪಠ್ಯವನ್ನು, ಅದೂ ತಾಯಿಯದೊಂದು ತಂದೆಯದೊಂದು ಎಂದು ಎರಡು ಪ್ರತಿ, ನಕಲು ಮಾಡಬೇಕಾಗುತ್ತದೆ. ತಪ್ಪುಗಳು ಆಗಿಯೇ ಆಗುತ್ತವೆ.

ಆರ್‌ಬಿ1 ಇರುವುದು 13ನೇ ವರ್ಣತಂತುವಿನಲ್ಲಿ. ಅದು ಕೊಡುವ ಸೂಚನೆಯಂತೆ ತಯಾರಾಗುವ ಪ್ರೋಟೀನು, ಕೋಶ ಇನ್ನು ಒಡೆಯಬೇಕಿಲ್ಲ ಎಂಬ ಸಮಯದಲ್ಲಿ ಅದನ್ನು ತಡೆದು ನಿಲ್ಲಿಸುತ್ತದೆ. ನೀವು ಭದ್ರಾ ನಾಲೆಯ ಬಯಲಿನವರಾದ್ದರಿಂದ ಹೀಗೆ ಹೇಳುತ್ತೇನೆ: ಒಂದು ತೂಬಿಗೆ ಒಂದರ ಹಿಂದೆ ಒಂದು ಎರಡು ಬಾಗಿಲುಗಳಿವೆ ಎಂದುಕೊಳ್ಳಿ. ಒಂದು ತುಕ್ಕು ಹಿಡಿದು ಮುರಿದರೂ ಇನ್ನೊಂದು ನೀರನ್ನು ಹಿಡಿದಿರುತ್ತದೆ, ಊರಿನವರಿಗೆ ಮುರಿದದ್ದೇ ಗೊತ್ತಾಗುವುದಿಲ್ಲ. ಎರಡೂ ಮುರಿದಾಗ ಗದ್ದೆ ಕೊಚ್ಚಿಹೋಗುತ್ತದೆ. ಅಕ್ಷಿಪಟಲದ ಒಂದೇ ಒಂದು ಕೋಶದಲ್ಲಿ ಆರ್‌ಬಿ1ರ ಎರಡೂ ಪ್ರತಿಗಳು ಕೆಟ್ಟರೆ ಅಲ್ಲಿ ಗಡ್ಡೆ ಹುಟ್ಟುತ್ತದೆ.

ಈ ಎರಡು ಬಾಗಿಲುಗಳು ಮುರಿಯುವ ದಾರಿ ಎರಡು. ಕೆಲವು ಮಕ್ಕಳಲ್ಲಿ ಒಂದು ಪ್ರತಿ ಹುಟ್ಟುವಾಗಲೇ, ದೇಹದ ಪ್ರತಿಯೊಂದು ಕೋಶದಲ್ಲೂ ಕೆಟ್ಟಿರುತ್ತದೆ. ಅಕ್ಷಿಪಟಲದಲ್ಲಿ ಲಕ್ಷಾಂತರ ಕೋಶಗಳಿರುವುದರಿಂದ ಅವುಗಳಲ್ಲಿ ಎಲ್ಲೋ ಕೆಲವಕ್ಕೆ ಎರಡನೆಯದೂ ಕೆಡುವ ಸಂಭವ ಬಹಳ ಹೆಚ್ಚು. ಆದ್ದರಿಂದ ಇಂಥ ಮಕ್ಕಳಿಗೆ ಸಾಮಾನ್ಯವಾಗಿ ಎರಡೂ ಕಣ್ಣುಗಳಲ್ಲಿ, ಒಂದು ವರ್ಷದ ಆಸುಪಾಸಿನಲ್ಲೇ ಗಡ್ಡೆಗಳು ಕಾಣುತ್ತವೆ. ಇನ್ನುಳಿದ ಮಕ್ಕಳಲ್ಲಿ ಎರಡೂ ಪೆಟ್ಟುಗಳು ಅದೇ ಒಂದು ಕೋಶದ ಮೇಲೆ ಬೀಳಬೇಕು. ಅದು ಅಪರೂಪದ ಆಕಸ್ಮಿಕ, ಹಾಗಾಗಿ ಒಂದೇ ಕಣ್ಣು, ಸ್ವಲ್ಪ ತಡವಾದ ವಯಸ್ಸು. ನಿಮ್ಮ ಮಗಳ ವಿವರ ಈ ಎರಡನೆಯ ಬಗೆಗೆ ಹೊಂದುತ್ತದೆ. ಆದರೂ ಖಚಿತವಾಗಿ ಹೇಳಲಾಗದು, ಏಕೆಂದರೆ ಒಂದೇ ಕಣ್ಣಿನ ರೆಟಿನೋಬ್ಲಾಸ್ಟೋಮಾ ಇರುವ ಮಕ್ಕಳಲ್ಲಿ ಶೇ. 15ರಷ್ಟು ಮಂದಿಯ ರಕ್ತದಲ್ಲೂ ಈ ಬದಲಾವಣೆ ಸಿಗುತ್ತದೆ. ಪರೀಕ್ಷೆ ಇರುವುದು ಈ ಶೇ. 15ರಲ್ಲಿ ನಿಮ್ಮ ಮಗಳು ಇದ್ದಾಳೆಯೇ ಎಂದು ತಿಳಿಯುವುದಕ್ಕೆ.

ಪರೀಕ್ಷೆಯ ಕ್ರಮದ ಬಗ್ಗೆ ಒಂದು ಮುಖ್ಯ ಮಾತು. ಒಂದೇ ಕಣ್ಣಿನ ಕಾಯಿಲೆಯಲ್ಲಿ ಮೊದಲು ಗಡ್ಡೆಯನ್ನು ಪರೀಕ್ಷಿಸಿ ಅದರಲ್ಲಿರುವ ಎರಡೂ ಬದಲಾವಣೆಗಳನ್ನು ಗುರುತಿಸಬೇಕು, ಆಮೇಲೆ ಅವೇ ಎರಡನ್ನು ರಕ್ತದಲ್ಲಿ ಹುಡುಕಬೇಕು. ಎರಡೂ ರಕ್ತದಲ್ಲಿ ಇಲ್ಲವೆಂದಾದರೆ ನಿಮ್ಮ ಮಗ ಹಾಗೂ ಹುಟ್ಟಲಿರುವ ಮಗುವಿನ ಬಗ್ಗೆ ನಿಮ್ಮ ಆತಂಕ ಬಹುತೇಕ ಮುಗಿದಂತೆ. ಬರೀ ರಕ್ತವನ್ನಷ್ಟೇ ಪರೀಕ್ಷಿಸಿ ಏನೂ ಸಿಗದಿದ್ದರೆ ಅಷ್ಟು ಧೈರ್ಯವಾಗಿ ಹೇಳಲು ಬರುವುದಿಲ್ಲ. ಏನನ್ನು ಹುಡುಕಬೇಕೆಂದು ತಿಳಿಯದೆ ಹುಡುಕಿದಂತಾಗುತ್ತದೆ. ತೆಗೆದ ಕಣ್ಣಿನ ಭಾಗವನ್ನು ಪೆಥಾಲಜಿ ವಿಭಾಗದಲ್ಲಿ ಮೇಣದ ಬ್ಲಾಕ್ ಮಾಡಿ ಇಟ್ಟಿರುತ್ತಾರೆ. ಆ ಬ್ಲಾಕ್ ಇದೆಯೇ, ಅಥವಾ ಶೈತ್ಯೀಕರಿಸಿದ ತುಣುಕೇನಾದರೂ ಇದೆಯೇ ಎಂದು ನಾಳೆಯೇ ವಿಚಾರಿಸಿ.

ಅವಸರ ಏಕೆಂದರೆ ನಿಮ್ಮ ಪತ್ನಿಗೆ ಈಗ ಮೂರೂವರೆ ತಿಂಗಳು. ಮಗಳ ರಕ್ತದಲ್ಲಿ ಬದಲಾವಣೆ ಸಿಕ್ಕರೆ ನಿಮ್ಮಿಬ್ಬರ ರಕ್ತವನ್ನೂ ನೋಡಬೇಕಾಗುತ್ತದೆ. ಹದಿನಾರು ವಾರಗಳ ನಂತರ ಗರ್ಭದ ನೀರನ್ನು ತೆಗೆದು ಭ್ರೂಣದಲ್ಲಿ ಅದೇ ಬದಲಾವಣೆ ಇದೆಯೇ ಎಂದು ನೋಡಲು ಸಾಧ್ಯ. ಭ್ರೂಣಲಿಂಗ ಪತ್ತೆಯನ್ನು ನಿಷೇಧಿಸಿದ 1994ರ ಕಾಯ್ದೆಯಂತೆ ನೋಂದಾಯಿತ ಕೇಂದ್ರದಲ್ಲಷ್ಟೇ ಅದನ್ನು ಮಾಡುತ್ತಾರೆ, ಲಿಂಗವನ್ನು ಹೇಳುವುದಿಲ್ಲ. ಅದು ಬೇಡವೆನಿಸಿದರೆ ಹುಟ್ಟಿದಾಗ ಹೊಕ್ಕುಳಬಳ್ಳಿಯ ರಕ್ತವನ್ನು ಪರೀಕ್ಷಿಸಿ, ಮೊದಲ ವಾರಗಳಿಂದಲೇ ಕಣ್ಣು ನೋಡಿಸುತ್ತ ಹೋಗಬಹುದು. ಮಗನಿಗೆ ಆರು ವರ್ಷವಾಗಿರುವುದೇ ಸಮಾಧಾನದ ವಿಷಯ. ಅಕ್ಷಿಪಟಲದ ಕೋಶಗಳು ವಿಭಜನೆ ನಿಲ್ಲಿಸಿ ಪಕ್ವವಾದ ಮೇಲೆ ಈ ಗಡ್ಡೆ ಹುಟ್ಟುವುದು ವಿರಳ. ಹೆಚ್ಚಿನ ಪ್ರಕರಣಗಳು ಐದು ವರ್ಷದೊಳಗೇ ಕಾಣಿಸಿಕೊಳ್ಳುತ್ತವೆ. ಆದರೂ ಪಾಪೆ ಹಿಗ್ಗಿಸುವ ಹನಿ ಹಾಕಿಸಿ ಒಮ್ಮೆ ತಪಾಸಣೆ ಮಾಡಿಸಿಬಿಡಿ.

ಇನ್ನು ನಿಮ್ಮ ಮನೆಯ ಪಂಚಾಯಿತಿ. ಸೋದರ ಸಂಬಂಧದ ಮದುವೆಗೂ ಆರ್‌ಬಿ1ಕ್ಕೂ ಸಂಬಂಧವಿಲ್ಲ. ರಕ್ತಸಂಬಂಧದ ಮದುವೆಯಲ್ಲಿ ತೊಂದರೆ ಬರುವುದು, ಒಂದೇ ಅಜ್ಜ-ಅಜ್ಜಿಯಿಂದ ಬಂದ ಒಂದೇ ದೋಷದ ಎರಡು ಪ್ರತಿಗಳು ಗಂಡನಿಂದೊಂದು ಹೆಂಡತಿಯಿಂದೊಂದು ಸೇರಿ ಮಗುವಿಗೆ ಸಿಕ್ಕಾಗ. ಇಲ್ಲಿ ಒಬ್ಬರಿಂದ ಒಂದು ಕೆಟ್ಟ ಪ್ರತಿ ಬಂದರೇ ಸಾಕು, ಅದೂ ಹೆಚ್ಚಿನ ಸಲ ತಂದೆತಾಯಿ ಇಬ್ಬರಲ್ಲೂ ಇರದೆ ಹೊಸದಾಗಿ ಆದದ್ದಾಗಿರುತ್ತದೆ. ರೆಟಿನೋಬ್ಲಾಸ್ಟೋಮಾ ಬಂದ ಮಕ್ಕಳಲ್ಲಿ ಕುಟುಂಬದಲ್ಲಿ ಮೊದಲೇ ಈ ಕಾಯಿಲೆ ಇದ್ದವರು ಹತ್ತರಲ್ಲಿ ಒಬ್ಬರು ಮಾತ್ರ. ಹಾಗೆ ಹೊಸದಾಗಿ ಆಗುವ ಬದಲಾವಣೆಗಳಲ್ಲಿ ಹೆಚ್ಚಿನವು ತಂದೆಯ ವೀರ್ಯಾಣುವಿನಲ್ಲಿ ಆದವು ಎಂಬುದನ್ನು ನಿಮ್ಮ ಹೆಂಡತಿಯನ್ನು ದೂರುವವರಿಗೆ ನೀವೇ ಹೇಳಬಹುದು. ಅದರಲ್ಲಿ ತಂದೆಯ ತಪ್ಪೂ ಇಲ್ಲ. ವೀರ್ಯಾಣುಗಳು ಜೀವನವಿಡೀ ಹೊಸದಾಗಿ ತಯಾರಾಗುತ್ತಲೇ ಇರುತ್ತವೆ, ನಕಲು ಹೆಚ್ಚಾದಷ್ಟೂ ತಪ್ಪು ಹೆಚ್ಚು. ಗ್ರಹಣದ ವಿಷಯಕ್ಕೆ ಉತ್ತರ ಬರೆಯುವ ಅಗತ್ಯ ನನಗೆ ಕಾಣುತ್ತಿಲ್ಲ.

ಉತ್ತರ 2: ನಿವೃತ್ತ ಜೀವಶಾಸ್ತ್ರ ಉಪನ್ಯಾಸಕ, ಧಾರವಾಡ

ಮೇಲಿನ ವಿವರಣೆಗೆ ಸೇರಿಸಲು ನನ್ನಲ್ಲಿ ವೈದ್ಯಕೀಯ ಸಲಹೆಯೇನೂ ಇಲ್ಲ. ಒಂದು ಕಣ್ಣು, ಎರಡು ಕಣ್ಣು ಎಂಬ ಪ್ರಶ್ನೆಯನ್ನು ತಾವು ಕೇಳಿದ್ದೀರಿ. ಕ್ಯಾನ್ಸರ್ ವಿಜ್ಞಾನದ ಒಂದು ದೊಡ್ಡ ಬಾಗಿಲು ತೆರೆದದ್ದು ಇದೇ ಪ್ರಶ್ನೆಯಿಂದ ಎಂಬುದನ್ನು ಹೇಳಬೇಕೆನಿಸಿತು.

1971ರಲ್ಲಿ ಅಮೆರಿಕದ ಹೂಸ್ಟನ್ನಿನ ಎಂ.ಡಿ. ಆ್ಯಂಡರ್ಸನ್ ಆಸ್ಪತ್ರೆಯಲ್ಲಿದ್ದ ಆಲ್ಫ್ರೆಡ್ ನಡ್ಸನ್ ಎಂಬ ಮಕ್ಕಳ ವೈದ್ಯರು 48 ರೆಟಿನೋಬ್ಲಾಸ್ಟೋಮಾ ಪ್ರಕರಣಗಳ ಹಳೆಯ ದಾಖಲೆಗಳನ್ನು ತೆಗೆದುಕೊಂಡು ಕುಳಿತರು. ಆಗ ಯಾವ ವಂಶವಾಹಿಯನ್ನೂ ಓದುವ ಉಪಕರಣವಿರಲಿಲ್ಲ. ಅವರ ಮುಂದೆ ಇದ್ದದ್ದು ಮಗುವಿನ ವಯಸ್ಸು, ಗಡ್ಡೆ ಒಂದು ಕಣ್ಣಿನಲ್ಲೋ ಎರಡರಲ್ಲೋ ಎಂಬ ಮಾಹಿತಿ, ಕುಟುಂಬದ ವಿವರ ಮತ್ತು ಗ್ರಾಫ್ ಹಾಳೆ. ಯಾವ ವಯಸ್ಸಿನಲ್ಲಿ ಎಷ್ಟು ಪಾಲು ಮಕ್ಕಳಲ್ಲಿ ಕಾಯಿಲೆ ಇನ್ನೂ ಪತ್ತೆಯಾಗದೆ ಉಳಿದಿತ್ತು ಎಂಬುದನ್ನು ಅವರು ಲಾಗರಿದಮ್ ಅಳತೆಯಲ್ಲಿ ಗುರುತಿಸುತ್ತ ಹೋದರು. ಎರಡೂ ಕಣ್ಣಿನ ಮಕ್ಕಳ ಬಿಂದುಗಳು ನೇರ ಗೆರೆಯಾಗಿ ಇಳಿದವು, ವಿಕಿರಣಶೀಲ ವಸ್ತು ಕ್ಷಯಿಸುವಾಗ ಇಳಿಯುವಂತೆ. ಒಂದೇ ಒಂದು ಆಕಸ್ಮಿಕಕ್ಕಾಗಿ ಕಾಯುತ್ತಿರುವ ವ್ಯವಸ್ಥೆ ಮಾತ್ರ ಹಾಗೆ ನಡೆದುಕೊಳ್ಳುತ್ತದೆ. ಒಂದೇ ಕಣ್ಣಿನ ಮಕ್ಕಳ ಬಿಂದುಗಳಾದರೋ ಮೊದಲು ಬಾಗಿ, ನಿಧಾನಿಸಿ, ಆಮೇಲೆ ಇಳಿದವು. ಎರಡು ಆಕಸ್ಮಿಕಗಳು ಆಗಬೇಕಾದಾಗ ಗೆರೆ ಬಾಗುತ್ತದೆ. ಇದರ ಮೇಲೆ ಅವರು 'ಎರಡು ಪೆಟ್ಟು'ಗಳ ಸಿದ್ಧಾಂತವನ್ನು ಮಂಡಿಸಿದರು. ತರಗತಿಯಲ್ಲಿ ಈ ಗ್ರಾಫನ್ನು ಕಪ್ಪುಹಲಗೆಯ ಮೇಲೆ ಬರೆಯುವಾಗ ಮೂವತ್ತು ವರ್ಷಗಳಲ್ಲಿ ಒಮ್ಮೆಯೂ ನನಗೆ ಬೇಸರ ಬಂದದ್ದಿಲ್ಲ. ಹದಿನೈದು ವರ್ಷಗಳ ನಂತರ, 1986ರಲ್ಲಿ, ಸ್ಟೀಫನ್ ಫ್ರೆಂಡ್, ಥ್ಯಾಡಿಯಸ್ ಡ್ರೈಜಾ, ರಾಬರ್ಟ್ ವೈನ್‌ಬರ್ಗ್ ಮತ್ತು ಅವರ ಸಂಗಡಿಗರು ಆ ವಂಶವಾಹಿಯನ್ನೇ ಬೇರ್ಪಡಿಸಿದರು. ಕ್ಯಾನ್ಸರನ್ನು ತಡೆಯುವ ಕೆಲಸದ ವಂಶವಾಹಿಗಳಲ್ಲಿ ಮೊದಲು ಕೈಗೆ ಸಿಕ್ಕಿದ್ದು ಅದೇ.

ಮಕ್ಕಳ ಕ್ಯಾನ್ಸರಿಗೂ ದೊಡ್ಡವರ ಕ್ಯಾನ್ಸರಿಗೂ ಇರುವ ಅಂತರವೂ ಇಲ್ಲಿಯೇ ಸ್ಪಷ್ಟವಾಗುತ್ತದೆ. ಅರವತ್ತು ವರ್ಷದವರ ಶ್ವಾಸಕೋಶದ ಗಡ್ಡೆಯಲ್ಲಿ ತಂಬಾಕಿನ ಹೊಗೆ ದಶಕಗಳ ಕಾಲ ಬರೆದಿಟ್ಟ ಸಾವಿರಾರು ಬದಲಾವಣೆಗಳಿರುತ್ತವೆ. ಮಗುವಿನ ಗಡ್ಡೆಯಲ್ಲಿ ಬದಲಾವಣೆಗಳ ಸಂಖ್ಯೆ ತುಂಬ ಕಡಿಮೆ. ಆದರೆ ಆ ಕೆಲವೇ ಬದಲಾವಣೆಗಳು ತಪ್ಪಾದ ಜಾಗದಲ್ಲಿ, ತಪ್ಪಾದ ಕಾಲದಲ್ಲಿ, ಅಂದರೆ ಅಂಗವೊಂದು ಇನ್ನೂ ಕಟ್ಟಿಕೊಳ್ಳುತ್ತಿರುವಾಗ ಆಗಿಬಿಟ್ಟಿರುತ್ತವೆ. ಹಾಗಾಗಿ ತಾಯಿ ಏನು ತಿಂದಳು, ಮಗುವಿಗೆ ಏನು ಕೊಟ್ಟಿರಿ ಎಂಬ ವಿಚಾರಣೆಯಿಂದ ಸಾಮಾನ್ಯವಾಗಿ ಏನೂ ಹೊರಡುವುದಿಲ್ಲ.

ಮಕ್ಕಳಲ್ಲಿ ಹೆಚ್ಚಾಗಿ ಕಾಣುವ ರಕ್ತದ ಕ್ಯಾನ್ಸರನ್ನು ನೋಡಿ. ಅದರ ಒಂದು ಸಾಮಾನ್ಯ ಬಗೆಯಲ್ಲಿ 12ನೇ ವರ್ಣತಂತುವಿನ ಒಂದು ತುಂಡು 21ನೇದರ ತುಂಡಿಗೆ ಅಂಟಿಕೊಂಡು ಎರಡು ವಂಶವಾಹಿಗಳು ಬೆಸೆದುಹೋಗಿರುತ್ತವೆ. ಇದು ಯಾವಾಗ ಆಯಿತು ಎಂದು ತಿಳಿಯಲು ಬ್ರಿಟನ್ನಿನ ಮೆಲ್ ಗ್ರೀವ್ಸ್ ಮತ್ತು ಅವರ ಸಂಗಡಿಗರು, 1990ರ ದಶಕದ ಕೊನೆಯಲ್ಲಿ, ಕಾಯಿಲೆ ಬಂದ ಮಕ್ಕಳು ಹುಟ್ಟಿದಾಗ ಹಿಮ್ಮಡಿಗೆ ಚುಚ್ಚಿ ಕಾಗದದ ಮೇಲೆ ತೆಗೆದಿಟ್ಟಿದ್ದ ಒಣ ರಕ್ತದ ಚುಕ್ಕೆಗಳನ್ನು ಹೊರತೆಗೆಸಿದರು. ಮೂರ್ನಾಲ್ಕು ವರ್ಷವಾದಾಗ ಕಾಯಿಲೆ ಬಿದ್ದ ಮಗುವಿನ ಆ ಬೆಸುಗೆ, ಹುಟ್ಟಿದ ವಾರದ ಚುಕ್ಕೆಯಲ್ಲೇ ಇತ್ತು! ಗರ್ಭದಲ್ಲೇ ಆದದ್ದು, ಆದರೆ ತಂದೆಯಿಂದಲೂ ಬಂದದ್ದಲ್ಲ, ತಾಯಿಯಿಂದಲೂ ಬಂದದ್ದಲ್ಲ. ಹುಟ್ಟಿನೊಂದಿಗೆ ಇದ್ದದ್ದೆಲ್ಲ ವಂಶದಿಂದ ಬಂದದ್ದು ಎಂದು ತಿಳಿಯುವವರಿಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ. ಅಲ್ಲಿಯೂ ಮೊದಲ ಪೆಟ್ಟೊಂದೇ ಸಾಲುವುದಿಲ್ಲ. ಬೆಸುಗೆಯಿದ್ದೂ ಕಾಯಿಲೆಯೇ ಬಾರದ ಮಕ್ಕಳು, ಬಂದವರಿಗಿಂತ ಬಹಳ ಹೆಚ್ಚು.

ಒಟ್ಟು ಲೆಕ್ಕಕ್ಕೆ ಒಂದು ಅಂಕಿ: 2015ರಲ್ಲಿ ಪ್ರಕಟವಾದ, ಮೆಂಫಿಸ್‌ನ ಸೇಂಟ್ ಜೂಡ್ ಆಸ್ಪತ್ರೆಯ ನೇತೃತ್ವದ ಅಧ್ಯಯನದಲ್ಲಿ, ಕ್ಯಾನ್ಸರ್ ಇದ್ದ 1,120 ಮಕ್ಕಳು ಮತ್ತು ಹದಿಹರೆಯದವರಲ್ಲಿ ಶೇ. 8.5ರಷ್ಟು ಮಂದಿಯಲ್ಲಿ ಮಾತ್ರ ಹುಟ್ಟಿನಿಂದ ಎಲ್ಲ ಕೋಶಗಳಲ್ಲೂ ಇರುವ, ಕ್ಯಾನ್ಸರಿಗೆ ದಾರಿ ಮಾಡುವ ಬದಲಾವಣೆ ಸಿಕ್ಕಿತು.

ಉತ್ತರ 3: ಸಾಫ್ಟ್‌ವೇರ್ ಉದ್ಯೋಗಿ, ಬೆಂಗಳೂರು

ಇಷ್ಟೆಲ್ಲ ಓಡಾಟ ಏಕೆ ಸರ್? ಎಂಜಲನ್ನು ಕೊಳವೆಯಲ್ಲಿ ತುಂಬಿ ಅಂಚೆಯಲ್ಲಿ ಕಳುಹಿಸಿದರೆ ಇಡೀ ಕುಟುಂಬದ ಜೆನೆಟಿಕ್ ವರದಿ ಮನೆಗೇ ಬರುವ ಕಿಟ್‌ಗಳು ಈಗ ಸಿಗುತ್ತವೆ. ನಾಲ್ವರಿಗೂ ಒಟ್ಟಿಗೆ ಮಾಡಿಸಿದರೆ ಕಡಿಮೆ ವೆಚ್ಚದಲ್ಲಿ ಆಗುತ್ತದೆ.

ಉತ್ತರ 4: ಜೆನೆಟಿಕ್ ಕೌನ್ಸೆಲರ್, ಮೈಸೂರು

ಒಳ್ಳೆಯ ಉದ್ದೇಶದಿಂದಲೇ ಹೇಳಿದ್ದೀರಿ, ಆದರೆ ಈ ಕೆಲಸಕ್ಕೆ ಅದು ಆಗುವುದಿಲ್ಲ. ಅಂಥ ಕಿಟ್‌ಗಳಲ್ಲಿ ಹೆಚ್ಚಿನವು ಜನಸಾಮಾನ್ಯರಲ್ಲಿ ಪದೇ ಪದೇ ಕಾಣುವ, ಮೊದಲೇ ಆಯ್ದಿಟ್ಟ ಕೆಲವು ಅಕ್ಷರಗಳನ್ನಷ್ಟೇ ಓದುತ್ತವೆ. ಆರ್‌ಬಿ1 ಪ್ರೋಟೀನಿನ ಸೂಚನೆ ಹೊತ್ತ 27 ತುಂಡುಗಳಲ್ಲಿ, ಅಂದರೆ ಎಕ್ಸಾನ್‌ಗಳಲ್ಲಿ ಹರಡಿಕೊಂಡಿರುವ ದೊಡ್ಡ ವಂಶವಾಹಿ. ಅದರಲ್ಲಿ ಇದುವರೆಗೆ ನೂರಾರು ಬೇರೆ ಬೇರೆ ಬದಲಾವಣೆಗಳು ದಾಖಲಾಗಿವೆ. ಒಂದು ಕುಟುಂಬದ್ದು ಇನ್ನೊಂದು ಕುಟುಂಬದಲ್ಲಿ ಇರುವುದು ಕಡಿಮೆ. ಒಂದು ಅಕ್ಷರ ಬದಲಾದದ್ದನ್ನು ಹುಡುಕುವ ವಿಧಾನ ಬೇರೆ, ಇಡೀ ತುಂಡೇ ಕಳಚಿಹೋದದ್ದನ್ನು ಹಿಡಿಯುವ ವಿಧಾನ ಬೇರೆ, ಎರಡೂ ಬೇಕಾಗುತ್ತವೆ. ದೇಹದ ಕೆಲವು ಕೋಶಗಳಲ್ಲಿ ಮಾತ್ರ ಬದಲಾವಣೆ ಇರುವ ಮೊಸಾಯಿಕ್ ಮಕ್ಕಳಲ್ಲಂತೂ ಬಹಳ ಆಳವಾಗಿ ಓದಿದರೆ ಮಾತ್ರ ಸಿಗುತ್ತದೆ. ಇನ್ನೂ ಒಂದು ಅಪರೂಪದ ಗುಂಪಿದೆ: ಒಂದೇ ಕಣ್ಣಿನ ಕಾಯಿಲೆಯ ಕೆಲವೇ ಶಿಶುಗಳಲ್ಲಿ ಆರ್‌ಬಿ1 ಸರಿಯಾಗಿಯೇ ಇದ್ದು, ಎಂವೈಸಿಎನ್ ಎಂಬ ಬೇರೊಂದು ವಂಶವಾಹಿಯ ಪ್ರತಿಗಳು ಗಡ್ಡೆಯಲ್ಲಿ ಮಿತಿಮೀರಿ ಹೆಚ್ಚಿರುತ್ತವೆ. ಅದನ್ನು ಎಂಜಲಿನಲ್ಲಿ ಹುಡುಕಿ ಫಲವಿಲ್ಲ, ಗಡ್ಡೆಯಲ್ಲೇ ನೋಡಬೇಕು. 'ಏನೂ ಇಲ್ಲ' ಎಂಬ ಅಗ್ಗದ ವರದಿಯನ್ನು ನಂಬಿ ಹುಟ್ಟುವ ಮಗುವಿನ ಕಣ್ಣು ನೋಡಿಸದೆ ಬಿಟ್ಟರೆ ಆಗುವ ನಷ್ಟವನ್ನು ಯೋಚಿಸಿ.

ಉತ್ತರ 5: ಉಡುಪಿಯ ತಾಯಿ

ನನಗೆ ಈ ಕಾಯಿಲೆ ಏಳು ತಿಂಗಳಿದ್ದಾಗ ಎರಡೂ ಕಣ್ಣಿಗೆ ಬಂದಿತ್ತು. ಬಲಗಣ್ಣನ್ನು ತೆಗೆದರು, ಎಡಗಣ್ಣನ್ನು ಹೊರಗಿನಿಂದ ವಿಕಿರಣ ಕೊಟ್ಟು ಉಳಿಸಿದರು. ಆ ಕಾಲದಲ್ಲಿ ಹಾಗೆಯೇ ಮಾಡುತ್ತಿದ್ದರು. ಈಗ ನನಗೆ ಮೂವತ್ತಮೂರು ವರ್ಷ, ಈ ಉತ್ತರವನ್ನು ಆ ಎಡಗಣ್ಣಿನಿಂದ ನೋಡಿಕೊಂಡೇ ಬರೆಯುತ್ತಿದ್ದೇನೆ. ವಿಕಿರಣ ತಗಲಿದ ಕಡೆ ಕಪಾಲದ ಮೂಳೆ ಸರಿಯಾಗಿ ಬೆಳೆಯದೆ ಗುಳಿ ಬಿದ್ದಿದೆ, ಕನ್ನಡಕದ ಕಡ್ಡಿ ಅಲ್ಲಿ ನಿಲ್ಲುವುದೇ ಇಲ್ಲ.

ಪರೀಕ್ಷೆಯಿಂದ ಪ್ರಯೋಜನವೇನು ಎಂದು ಕೇಳಿದ್ದೀರಿ. ನನ್ನ ರಕ್ತದ ಪರೀಕ್ಷೆ ಆದದ್ದು ಮದುವೆಯಾದ ಮೇಲೆ, ಇಪ್ಪತ್ತೇಳನೇ ವಯಸ್ಸಿನಲ್ಲಿ. ಬದಲಾವಣೆ ಸಿಕ್ಕಿತು. ನನ್ನ ತಂದೆತಾಯಿ ಇಬ್ಬರಲ್ಲೂ ಅದು ಇರಲಿಲ್ಲ. ನನ್ನ ಮಕ್ಕಳಿಗೆ ಬರುವ ಸಾಧ್ಯತೆ ಮಾತ್ರ ಅರ್ಧಕ್ಕರ್ಧ ಎಂದರು. ಮಗ ಹುಟ್ಟಿದಾಗ ಹೊಕ್ಕುಳಬಳ್ಳಿಯ ರಕ್ತವನ್ನು ಕಳುಹಿಸಿದೆವು, ಅವನಿಗೂ ಬಂದಿತ್ತು. ಹನ್ನೊಂದನೇ ದಿನ ಕಣ್ಣು ನೋಡಿದಾಗ ಎಡಗಣ್ಣಿನ ಅಂಚಿನಲ್ಲಿ ಸಾಸಿವೆ ಕಾಳಿಗಿಂತ ಚಿಕ್ಕದಾದ ಎರಡು ಬಿಳಿ ಚುಕ್ಕೆಗಳಿದ್ದವು. ಲೇಸರ್‌ನಲ್ಲಿ ಸುಟ್ಟರು. ಆಮೇಲೆ ಇನ್ನೂ ಮೂರು ಬಂದವು, ಅವನ್ನೂ ಸುಟ್ಟರು. ಅವನಿಗೀಗ ನಾಲ್ಕು ವರ್ಷ, ಎರಡೂ ಕಣ್ಣುಗಳಿವೆ, ಗೋಡೆಯ ಮೇಲಿನ ಇರುವೆಯನ್ನು ನನಗಿಂತ ಮೊದಲು ನೋಡುತ್ತಾನೆ. ನನ್ನ ಅಮ್ಮನಿಗೆ ಬಿಳಿ ಹೊಳಪು ಕಂಡ ಮೇಲಷ್ಟೇ ತಿಳಿದದ್ದು ನಮಗೆ ಎಷ್ಟೋ ಮೊದಲೇ ತಿಳಿದಿತ್ತು, ವ್ಯತ್ಯಾಸ ಅಷ್ಟೇ.

ಕಷ್ಟವಿಲ್ಲವೆಂದು ಹೇಳಲಾರೆ. ಅರಿವಳಿಕೆ ಕೊಟ್ಟು ಕಣ್ಣು ನೋಡುವ ದಿನಗಳಲ್ಲಿ ಮಗುವಿಗೆ ಬೆಳಗಿನಿಂದ ಹಾಲು ಕೊಡುವಂತಿಲ್ಲ. ಆಪರೇಷನ್ ಕೋಣೆಯ ಹೊರಗಿನ ಬೆಂಚಿನ ಮೇಲೆ ಹಸಿದು ಅಳುವ ಹತ್ತು ಮಕ್ಕಳ ನಡುವೆ ನಮ್ಮ ಹೆಸರು ಕರೆಯುವುದನ್ನು ಕಾಯುತ್ತ ಕೂರುವುದಿದೆಯಲ್ಲ, ಅದಕ್ಕೆ ಯಾವ ಓದೂ ನಮ್ಮನ್ನು ಸಿದ್ಧಪಡಿಸುವುದಿಲ್ಲ.

ನಿಮ್ಮ ಮಗಳ ರಕ್ತದಲ್ಲಿ ಬದಲಾವಣೆ ಸಿಕ್ಕರೆ ಇನ್ನೊಂದು ವಿಷಯವನ್ನು ವೈದ್ಯರು ಹೇಳುತ್ತಾರೆ, ಗಾಬರಿಯಾಗಬೇಡಿ. ಎಲ್ಲ ಕೋಶಗಳಲ್ಲೂ ಒಂದು ಪ್ರತಿ ಕೆಟ್ಟಿರುವ ನಮ್ಮಂಥವರಿಗೆ ಮುಂದೆ ಮೂಳೆಯ ಕ್ಯಾನ್ಸರ್, ಸ್ನಾಯುವಿನಂಥ ಮೃದು ಅಂಗಾಂಶದ ಕ್ಯಾನ್ಸರ್, ಮೆಲನೋಮಾ ಎಂಬ ಚರ್ಮದ ಕ್ಯಾನ್ಸರ್ ಬರುವ ಸಾಧ್ಯತೆ ಇತರರಿಗಿಂತ ಹೆಚ್ಚು. ವಿಕಿರಣ ತಗಲಿದ ಜಾಗದಲ್ಲಿ ಅದು ಮತ್ತೂ ಹೆಚ್ಚು. ಅದಕ್ಕಾಗಿಯೇ ಈಗ ಹೊರಗಿನಿಂದ ವಿಕಿರಣ ಕೊಡುವುದನ್ನು ಸಾಧ್ಯವಾದಷ್ಟು ತಪ್ಪಿಸಿ, ಕಿಮೋಥೆರಪಿ ಮತ್ತು ಲೇಸರ್ ಬಳಸುತ್ತಾರೆ. ಎಂಆರ್‌ಐ ಸಾಕಾಗುವ ಕಡೆ ನಾನು ಸಿಟಿ ಸ್ಕ್ಯಾನ್ ಮಾಡಿಸುವುದಿಲ್ಲ. ಕಾಲಿನಲ್ಲಿ ಒಂದೇ ಕಡೆ ನೋವು ವಾರಗಟ್ಟಲೆ ಉಳಿದರೆ, ಬೆಳೆಯುವ ಮಕ್ಕಳ ನೋವು ಎಂದು ಯಾರು ನಕ್ಕರೂ ಮಗನನ್ನು ತೋರಿಸಿಕೊಂಡು ಬರುತ್ತೇನೆ.

ಉತ್ತರ 6: ಮಕ್ಕಳ ವೈದ್ಯಕೀಯದ ಸ್ನಾತಕೋತ್ತರ ವಿದ್ಯಾರ್ಥಿ, ಹುಬ್ಬಳ್ಳಿ

ಮೈಸೂರಿನ ಮೇಡಂ ಬರೆದದ್ದು ಆರ್‌ಬಿ1ರ ಮಟ್ಟಿಗೆ ಪೂರ್ತಿ ಸರಿ. ಆದರೆ ಇದನ್ನು ಓದಿದ ಬೇರೆಯವರು ರಕ್ತಸಂಬಂಧದ ಮದುವೆಗೂ ಮಕ್ಕಳ ಕಾಯಿಲೆಗಳಿಗೂ ಎಲ್ಲಿಯೂ ನಂಟಿಲ್ಲ ಎಂದುಕೊಳ್ಳಬಾರದೆಂದು ಸೇರಿಸುತ್ತಿದ್ದೇನೆ. ಡಿಎನ್‌ಎಯಲ್ಲಾದ ತಪ್ಪುಗಳನ್ನು ತಿದ್ದುವ ವಂಶವಾಹಿಗಳ ಎರಡೂ ಪ್ರತಿಗಳು ಹುಟ್ಟಿನಿಂದಲೇ ಕೆಟ್ಟಿರುವ ಕೆಲವು ಕಾಯಿಲೆಗಳಿವೆ. ಫ್ಯಾಂಕೋನಿ ಅನೀಮಿಯಾ ಅವುಗಳಲ್ಲಿ ಒಂದು. ಅದರಲ್ಲಿ ಅಸ್ಥಿಮಜ್ಜೆ ಸೋಲುತ್ತ ಬರುತ್ತದೆ, ರಕ್ತದ ಕ್ಯಾನ್ಸರಿನ ಸಾಧ್ಯತೆ ಬಹಳ ಹೆಚ್ಚು, ಮತ್ತು ಸೋದರ ಸಂಬಂಧದ ದಂಪತಿಗಳ ಮಕ್ಕಳಲ್ಲಿ ಅದು ಹೆಚ್ಚಾಗಿ ಕಾಣುತ್ತದೆ. ಕ್ಯಾನ್ಸರಲ್ಲದ ಥಲಸ್ಸೀಮಿಯಾ, ಸಿಕಲ್ ಸೆಲ್ ಕಾಯಿಲೆಗಳೂ ಎರಡು ಕೆಟ್ಟ ಪ್ರತಿಗಳು ಕೂಡಿದಾಗ ಬರುವಂಥವೇ. ಚಾಮರಾಜನಗರ, ಮೈಸೂರು ಭಾಗದ ಬುಡಕಟ್ಟು ಸಮುದಾಯಗಳಲ್ಲಿ ಕಾಣುವ ಸಿಕಲ್ ಸೆಲ್‌ನಲ್ಲಿ ಬದಲಾಗಿರುವುದು ಹಿಮೋಗ್ಲೋಬಿನ್ನಿನ ವಂಶವಾಹಿಯ ಒಂದೇ ಒಂದು ಅಕ್ಷರ. ಆ ಒಂದಕ್ಷರದಿಂದ ಆ ಪ್ರೋಟೀನಿನಲ್ಲಿ ಗ್ಲುಟಾಮಿಕ್ ಆಮ್ಲ ಎಂಬ ಘಟಕದ ಜಾಗದಲ್ಲಿ ವ್ಯಾಲಿನ್ ಎಂಬ ಇನ್ನೊಂದು ಘಟಕ ಬಂದು ಕೂರುತ್ತದೆ, ಆಮ್ಲಜನಕ ಕಡಿಮೆಯಾದಾಗ ಕೆಂಪು ರಕ್ತಕಣ ಕುಡುಗೋಲಿನಂತೆ ಬಾಗುತ್ತದೆ. ಆದ್ದರಿಂದ 'ವಂಶವಾಹಿಯ ಕಾಯಿಲೆ' ಎಂದು ಒಟ್ಟಾಗಿ ಮಾತನಾಡದೆ, ಯಾವ ವಂಶವಾಹಿ, ಕಾಯಿಲೆ ಬರಲು ಎಷ್ಟು ಪ್ರತಿ ಕೆಡಬೇಕು, ಹುಟ್ಟಿನಿಂದಲೋ ಆಮೇಲೋ ಎಂಬುದನ್ನು ಪ್ರತಿ ಸಲವೂ ಕೇಳಬೇಕಾಗುತ್ತದೆ.

ಉತ್ತರ 7: ಸಾಗರದವನು

ಕಾರಣವನ್ನು ಹೊರಗೆ ಹುಡುಕುವ ವಿಷಯ ಬಂದದ್ದರಿಂದ ನಮ್ಮ ತಾಲ್ಲೂಕಿನ ಹಂದಿಗೋಡು ನೆನಪಾಯಿತು. 1970ರ ದಶಕದ ನಡುವಿನಲ್ಲಿ ಅಲ್ಲಿ ಬಡ ಕೂಲಿ ಕುಟುಂಬಗಳ ಜನ ಸೊಂಟ, ಮಂಡಿ ನೋವಿನಿಂದ ನಡೆಯಲಾಗದೆ ಕುಸಿಯತೊಡಗಿದಾಗ, ಗದ್ದೆಗೆ ಹೊಡೆದ ಕೀಟನಾಶಕ ಏಡಿಗಳಿಗೆ ಸೇರಿ, ಆ ಏಡಿ ತಿಂದವರಿಗೆ ಹೀಗಾಯಿತು ಎಂಬ ಅನುಮಾನ ಬಲವಾಗಿತ್ತು. ಎಷ್ಟೋ ವರ್ಷಗಳ ಅಧ್ಯಯನದ ನಂತರ, ಅದು ತಂದೆ ಅಥವಾ ತಾಯಿ ಒಬ್ಬರಿಂದಲೇ ಮಗುವಿಗೆ ಇಳಿಯಬಲ್ಲ, ಮೂಳೆ ಮತ್ತು ಕೀಲುಗಳ ಬೆಳವಣಿಗೆಯನ್ನು ಕೆಡಿಸುವ ಆನುವಂಶಿಕ ಕಾಯಿಲೆ ಎಂಬುದು ಸ್ಪಷ್ಟವಾಯಿತು. ಅಲ್ಲಿ ವಂಶದ್ದನ್ನು ಏಡಿಯ ಮೇಲೆ ಹೊರಿಸಿದರು. ಹರಿಹರದವರ ಮನೆಯಲ್ಲಿ ಬಹುಶಃ ವಂಶದ್ದೇ ಅಲ್ಲದ್ದನ್ನು ವಂಶದ ಮೇಲೆ ಹೊರಿಸುತ್ತಿದ್ದಾರೆ.

ಹರಿಹರದ ತಂದೆ

ಎಲ್ಲರಿಗೂ ಕೈಮುಗಿದು ವಂದನೆಗಳು. ಇಂದು ಬೆಳಿಗ್ಗೆ ಆಸ್ಪತ್ರೆಗೆ ಫೋನ್ ಮಾಡಿದೆ. ಮೇಣದ ಬ್ಲಾಕ್ ಇದೆ, ಅರ್ಜಿ ಕೊಟ್ಟು ಸಹಿ ಮಾಡಿದರೆ ಕೊಡುತ್ತೇವೆ ಎಂದರು. ಶೈತ್ಯೀಕರಿಸಿದ ತುಣುಕನ್ನು ಇಟ್ಟಿಲ್ಲವಂತೆ. ಗುರುವಾರ ಮಗನನ್ನು ಕರೆದುಕೊಂಡು ಹೋಗುತ್ತಿದ್ದೇನೆ, ಅವನ ಕಣ್ಣನ್ನೂ ನೋಡಿಸಿ, ಮಗಳ ರಕ್ತವನ್ನೂ ಕೊಟ್ಟು ಬರುತ್ತೇವೆ. ಮೊದಲನೆಯ ಉತ್ತರವನ್ನು ಅಕ್ಕನಿಗೆ ಓದಿ ಹೇಳಿದೆ. ತೂಬಿನ ಮಾತು ಬಂದಾಗ ಇನ್ನೊಮ್ಮೆ ಓದು ಎಂದಳು. ಆಮೇಲೆ ಗುರುವಾರ ತಾನೂ ಬರುತ್ತೇನೆಂದು ಹೇಳಿ, ಮಗುವಿನ ಬಟ್ಟೆಯ ಚೀಲ ತುಂಬಲು ಕುಳಿತಳು.

ಒಂದು ಅನುಮಾನ ಉಳಿದಿದೆ: ಬ್ಲಾಕನ್ನು ನಾವೇ ಕೈಯಲ್ಲಿ ಒಯ್ದರೆ ಬಿಸಿಲಿಗೆ ಹಾಳಾಗುವುದಿಲ್ಲವೇ?

ಜೆನೆಟಿಕ್ ಕೌನ್ಸೆಲರ್, ಮೈಸೂರು

ಕೋಣೆಯ ಉಷ್ಣತೆಯಲ್ಲಿ ಏನೂ ಆಗುವುದಿಲ್ಲ, ಐಸ್ ಬೇಕಿಲ್ಲ. ನಿಲ್ಲಿಸಿದ ಕಾರಿನೊಳಗೆ ಬಿಸಿಲಿನಲ್ಲಿ ಮಾತ್ರ ಬಿಡಬೇಡಿ, ಮೇಣ ಕರಗುತ್ತದೆ. ಬ್ಲಾಕಿನ ಮೇಲಿನ ಸಂಖ್ಯೆಯೂ ಪೆಥಾಲಜಿ ವರದಿಯ ಸಂಖ್ಯೆಯೂ ಒಂದೇ ಇದೆಯೇ ಎಂದು ಅಲ್ಲಿಯೇ ನೋಡಿಕೊಳ್ಳಿ, ವರದಿಯ ಒಂದು ಪ್ರತಿಯನ್ನು ಜೊತೆಗಿಡಿ. ರಕ್ತ ಕೊಡುವಾಗ ನಿಮ್ಮ ಪತ್ನಿಗೆ ಎಷ್ಟು ವಾರಗಳಾಗಿವೆ ಎಂಬುದನ್ನು ನಮೂನೆಯ ಮೇಲ್ಭಾಗದಲ್ಲೇ ಬರೆಸಿ; ಪ್ರಯೋಗಾಲಯದವರು ಅದನ್ನು ನೋಡಿ ನಿಮ್ಮ ಮಾದರಿಯನ್ನು ಮೊದಲು ತೆಗೆದುಕೊಳ್ಳುವ ಸಾಧ್ಯತೆ ಇರುತ್ತದೆ.